ಬುಲಂದ್ ದರ್ವಾಜದ ಒಳಗೆ

೨೨ ಅಕ್ಟೋಬರ್ ೨೦೨೦, ಗುರುವಾರ

ಮಗುವಿಗೆ ಎಣ್ಣೆ-ನೀರು ಆಯಿತು. ಮಲಗಿದೆ. ಇಂದಿನಿಂದ ಮತ್ತೆ ಲಾಕ್‌ಡೌನ್. ಐದು ಕಿಲೋಮೀಟರ್ ದಾಟುವಂತಿಲ್ಲ.

ಮಗಳು ಜ್ಯೋತ್ಸ್ನಾಳ ಬಾಣಂತನಕ್ಕೆಂದು ಫೆಬ್ರವರಿಯಲ್ಲಿ ಐರ್ಲೆಂಡಿನ ಬ್ಲಾಂಚರ್ಡ್ಸ್‌ಟೌನಿಗೆ ಬಂದವಳು. ಮೂರು ತಿಂಗಳ ಮಾತು, ಎಂಟಾಯಿತು. ಬೇಸರವೇನಿಲ್ಲ. ಮೊಮ್ಮಗ ಗುಂಡುಗುಂಡಾಗಿದ್ದಾನೆ, ಮಗಳು ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ. ಒಂದೇ ಕೊರಗು. ವಾಪಸ್ ಹೋಗುವಾಗ ದೆಹಲಿಯಲ್ಲಿ ಇಳಿದು, ಬಾಡಿಗೆ ಕಾರಿನಲ್ಲಿ ಆಗ್ರಾ, ಫತೇಪುರ್ ಸಿಕ್ರಿ ನೋಡುವುದಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಮೊಘಲರ ಪಾಠ ಮಾಡಿದೆ — ಅವರು ಕಟ್ಟಿದ ಒಂದು ಕಲ್ಲನ್ನೂ ಕಣ್ಣಾರೆ ಕಂಡಿಲ್ಲ.

ಸಂಜೆ ಆ ಬಾಡಿಗೆ ಕಾರಿನ ಡ್ರೈವರ್ ಲಾಖನ್ ಸಿಂಗ್ ಫೋನ್, ಆಗ್ರಾದಿಂದ. ಸಿಕ್ರಿ ತೆರೆದಿದೆಯಂತೆ, ಜನವೇ ಇಲ್ಲವಂತೆ. ಭಾನುವಾರ ತಾನೇ ಕಾರು ತಗೊಂಡು ಹೋಗಿ ವಿಡಿಯೋದಲ್ಲಿ ತೋರಿಸುತ್ತಾನಂತೆ. ಬಾಡಿಗೆ ಮಾತ್ರ ಮಾಮೂಲಿ! ಹುಷಾರು ಮನುಷ್ಯ. ಆಗಲಿ ಎಂದೆ.

೨೫ ಅಕ್ಟೋಬರ್, ಭಾನುವಾರ, ಬೆಳಿಗ್ಗೆ ೮

ಮನೆಯಲ್ಲಿ ಮಾತಾಡಿದರೆ ಮಗು ಏಳುತ್ತದೆ. ಅದಕ್ಕೇ ಬಾಗಿಲಲ್ಲೇ ನಿಲ್ಲಿಸಿರುವ ಅಳಿಯನ ಕಾರಿನಲ್ಲಿ ಕೂತಿದ್ದೇನೆ. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಕೋಡುಬಳೆ. ಹಿಂದಿನ ಸೀಟಿನಲ್ಲಿ ಮೊಮ್ಮಗಳು ಮಾನ್ಯಾ, ಆರು ವರ್ಷದ ಯಜಮಾನಿ.

"ಅಜ್ಜಿ, ಬೆಲ್ಟ್! ದ ಗಾರ್ಡ್ಸ್ ವಿಲ್ ಸೀ ಯು!"

ಇಲ್ಲಿ ಗಾರ್ಡ್ಸ್ ಅಂದರೆ ಪೊಲೀಸರು. ನಿಂತ ಕಾರಿಗೆ ಯಾವ ಪೊಲೀಸು, ಅಮ್ಮಾ? ಆದರೂ ಹಾಕಿಕೊಂಡೆ. ಫೋನ್ ಬಂತು...

ಅದೇ ದಿನ, ಮಧ್ಯಾಹ್ನ

ನೋಡಿದೆ. ಬುಲಂದ್ ದರ್ವಾಜ! ಲಾಖನ್ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದ. ಅಬ್ಬಬ್ಬಾ, ಎಂಥ ಎತ್ತರ! ಕಣ್ಣಲ್ಲಿ ನೀರು ಬಂತು. "ಈಗ ಬಲಕ್ಕೆ ತಿರುಗಪ್ಪ, ಅರಮನೆ ಬರುತ್ತೆ. ಸಲೀಂ ಚಿಶ್ತಿ ಗೋರಿ ಊರಾಚೆ, ಅದನ್ನ ಆಮೇಲೆ ನೋಡೋಣ" ಎಂದೆ, ನನ್ನ ಪರೀಕ್ಷೆ ಪಾಸಾದ ಹಿಂದಿಯಲ್ಲಿ.

"ಇಲ್ಲ ಮೇಡಂಜೀ. ಇದು ಮಸೀದಿ ಬಾಗಿಲು. ಅರಮನೆ ಬೇರೆ. ಗೋರಿ ಇಲ್ಲೇ, ಎದುರಿಗೆ."

ಫೋನ್ ತಿರುಗಿಸಿದ. ಅಂಗಳದೊಳಗೆ ಬೆಳ್ಳಗೆ ಗೋರಿ. ಮೂವತ್ತು ವರ್ಷ ಬೋರ್ಡಿನ ಮೇಲೆ ತಪ್ಪು ಬರೆದಿದ್ದೇನೆ.

ಅದೂ ಹೋಗಲಿ. ಚಾಮರಾಜ ನೆನಪಾದ. ಲಾರಿ ಡ್ರೈವರ್ ಮಗ, ಒಂಬತ್ತನೇ ಕ್ಲಾಸು. ಪರೀಕ್ಷೆಯಲ್ಲಿ ಈ ಬಾಗಿಲ ಒಳಗೇ ಗೋರಿ ಇದೆ ಎಂದು ಬರೆದಿದ್ದ. ಸೊನ್ನೆ ಕೊಟ್ಟೆ. "ಅಪ್ಪನ ಲಾರೀಲಿ ಹೋಗಿ ನೋಡ್ದೆ ಮಿಸ್" ಅಂದ. ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ನಾನು ಬೆಂಚಿನ ಮೇಲೆ ನಿಲ್ಲಿಸಿ, "ಸುಳ್ಳು ಹೇಳ್ದೆ, ನಾನು ಹೋಗೇ ಇಲ್ಲ" ಎಂದು ಅವನ ಬಾಯಲ್ಲೇ ಹೇಳಿಸಿದೆ.

ಕೋಡುಬಳೆ ಹಾಗೇ ಉಳಿಯಿತು.

೮ ನವೆಂಬರ್, ಭಾನುವಾರ

ಎರಡು ವಾರ ಬರೆಯಲಿಲ್ಲ. ಕೆಲಸವಿತ್ತು ಅಂದರೆ ಸುಳ್ಳು. ಚಾಮರಾಜನನ್ನು ಮಾತಾಡಿಸಲು ಹೆದರಿಕೆ.

ಜ್ಯೋತ್ಸ್ನಾ: "ಬಿಡಮ್ಮ, ಇಪ್ಪತ್ತಾರು ವರ್ಷ ಆಯ್ತು. ಅವ್ರಿಗೆ ನೆನಪೂ ಇರಲ್ಲ."

"ನನಗಿದೆಯಲ್ಲ!" ಎಂದು ರೇಗಿದೆ. ಪಾಪ, ಅವಳೇನು ಮಾಡಿಯಾಳು. ಹಳೆ ವಿದ್ಯಾರ್ಥಿಗಳ ಗ್ರೂಪಿನಿಂದ ಚಾಮರಾಜನ ನಂಬರ್ ಸಿಕ್ಕಿತು. ರಾಮನಗರದಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದಾನಂತೆ. ನಾಳೆ ಫೋನ್ ಮಾಡುತ್ತೇನೆ.

೧೪ ನವೆಂಬರ್, ದೀಪಾವಳಿ

ಎಲ್ಲರಿಗೂ ಎಣ್ಣೆ ಹಚ್ಚಿದೆ. ಅಳಿಯನೂ ತಪ್ಪಿಸಿಕೊಳ್ಳಲಿಲ್ಲ. ಹೋಳಿಗೆ ಚೆನ್ನಾಗಿ ಬಂತು. ಆ ಧೈರ್ಯದಲ್ಲೇ ಕಾರಿಗೆ ಹೋಗಿ ಕೂತು ಫೋನ್ ಮಾಡಿದೆ.

"ವಸುಂಧರಾ ಮಿಸ್ಸಾ? ಐರ್ಲೆಂಡಿಂದಾನಾ?" ಗಾಬರಿಯಾದ. ಹಬ್ಬದ ಮಾತು, ಮಳೆ, ಕರೋನಾ... ಆಮೇಲೆ ಹೇಳಿದೆ. ಗೋರಿ ಒಳಗೇ ಇದೆ ಚಾಮರಾಜ. ನೀನು ಬರೆದಿದ್ದೇ ಸರಿ. ನಾನು ಮಾಡಿದ್ದು ತಪ್ಪು.

ಅವನು ಟಿವಿ ಸದ್ದು ಕಡಿಮೆ ಮಾಡಿದ.

"ಅವತ್ತಿಂದ ಆ ವಿಷಯ ಎಲ್ಲೂ ಎತ್ತಿಲ್ಲ ಮಿಸ್. ನಾನು ಹೋಗಿದ್ನೋ ಇಲ್ವೋ ಅಂತ ನಂಗೇ ಅನುಮಾನ ಬರೋದು. ಅಪ್ಪನ್ನ ಕೇಳೋಣ ಅಂದ್ರೆ... ಅವ್ರು ಹೋಗಿ ಹತ್ತು ವರ್ಷ ಆಯ್ತು. ನಾನು ಅವ್ರ ಜೊತೆ ದೂರ ಹೋಗಿದ್ದು ಅದೊಂದೇ ಸಲ. ಮಿಸ್, ಮಗಳು ಪಕ್ಕದಲ್ಲೇ ಅವ್ಳೆ. ಒಂಬತ್ತನೇ ಕ್ಲಾಸು. ಅವ್ಳಿಗೆ ಒಂದ್ಸಲ ನೀವೇ ಹೇಳ್ತೀರಾ?"

ಹುಡುಗಿ ಫೋನ್ ತಗೊಂಡಳು. "ನಮಸ್ತೆ ಮಿಸ್" ಅಂದಳು.

"ನಿಮ್ಮಪ್ಪ ಹೋಗಿದ್ದ ಕಣಮ್ಮ. ನಿಮ್ಮ ತಾತನೇ ಲಾರೀಲಿ ಕರ್ಕೊಂಡು ಹೋಗಿ ತೋರಿಸಿದ್ರು. ಸುಳ್ಳು ಹೇಳಿದ್ದು ಅವನಲ್ಲ, ನಾನೇ ಅವನ ಬಾಯಲ್ಲಿ ಹೇಳಿಸಿದೆ."