ಮೂರು ಚಂದ್ರ ಹೋಗಿ ಒಂದಾದ ತಿಂಗಳು

ನವಲಿ
ಸೋಮವಾರ, 31 ಮಾರ್ಚ್ 2025

ಮೈ ಡಿಯರ್ ಅನ್ನಪೂರ್ಣ, ಅಂದರೆ ಚಿ. ಸೌ. ಅನ್ನಪೂರ್ಣಳಿಗೆ ನಿನ್ನ ಅಪ್ಪನ ಆಶೀರ್ವಾದ.

ನಾನು ಕ್ಷೇಮ. ಈ ಸಲ ಇದು ಸುಳ್ಳಲ್ಲ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ನಿಮ್ಮವ್ವನ ಹಾಗೆ, ಅರ್ಧ ಕೇಳಿ ಬೈಯಲು ಶುರು ಮಾಡುತ್ತೀ. ಪತ್ರವಾದರೆ ಪೂರ್ತಿ ಓದಿಯೇ ಬೈಯಬೇಕು.

ಕಮಿಂಗ್ ಟು ದಿ ಪಾಯಿಂಟ್. ನನ್ನ ಬಲಗಣ್ಣು ಭತ್ತದ ರಾಶಿಯಲ್ಲಿ ಗರಿ ಚುಚ್ಚಿ ಹೋದಾಗ ನೀನು ನಾಲ್ಕನೇ ಇಯತ್ತೆ. ಉಳಿದ ಎಡಗಣ್ಣಿಗೆ ಎರಡು ವರ್ಷದಿಂದ ಪೊರೆ ಬಂದಿತ್ತು. ನಿನಗೆ ಹೇಳಲಿಲ್ಲ. ಹೇಳಿದರೆ ಆಪರೇಷನ್ ಅನ್ನುತ್ತಿದ್ದೆ. ಇರುವುದೇ ಒಂದು, ಅದೂ ಕೈಕೊಟ್ಟರೆ ಆಮೇಲೆ? ಮೊದಮೊದಲು ಚಂದ್ರ ಮೂರು ಕಾಣುತ್ತಿದ್ದ. ಒಂದಕ್ಕೆ ಮೂರು ಸಿಕ್ಕರೆ ಯಾರು ಬೇಡವೆನ್ನುತ್ತಾರೆ ಎಂದು ಸುಮ್ಮನಿದ್ದೆ. ಬರಬರುತ್ತ ಮೂರೂ ಕಲಸಿ ಗಂಜಿಯಾಯಿತು.

ಮಾರ್ಚ್ ಒಂದರ ಸಂಜೆ ಪಕ್ಕದ ಮನೆಯ ನಿನ್ನ ನೂರಸಾಬ ಕಾಕಾ ರಂಜಾನ್ ತಿಂಗಳ ಚಂದ್ರನನ್ನು ನೋಡಲು ಮಾಳಿಗೆಗೆ ಕರೆದ. ಮೂವತ್ತು ವರ್ಷ ಇಬ್ಬರೂ ಕಾಲುವೆಗೆ ನೀರು ಬಿಡುವ ಕೆಲಸ ಮಾಡಿದವರು. ಅವನು ಕರೆದರೆ ಹೋಗದಿರುವುದು ಹೇಗೆ? ಎಲ್ಲರೂ “ಕಂಡ, ಕಂಡ” ಅಂದರು. ನಾನೂ ಕೈ ತೋರಿಸಿ ಕಂಡ ಅಂದೆ. ಎಲ್ಲರೂ ನನ್ನ ಕಡೆ ತಿರುಗಿದರು.

“ದ್ಯಾಮಣ್ಣ, ಅದು ಮೊಬೈಲ್ ಟವರಿನ ಲೈಟ್ ಐತೋ,” ಅಂದ ನೂರಸಾಬ. ಅವನು ನಗಲಿಲ್ಲ. ಅದೇ ನನಗೆ ಹೆದರಿಕೆ ತಂದದ್ದು.

ಮಂಗಳವಾರ ಅವನೇ ರೋಜಾ ಹಿಡಿದ ಹೊಟ್ಟೆಯಲ್ಲಿ, ಒಂದು ಗುಟುಕು ನೀರೂ ಕುಡಿಯದೆ, ನನ್ನನ್ನು ಗಂಗಾವತಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದ. ಡಾಕ್ಟರ್ ಬಾಯಿಬಿಟ್ಟು ಭರವಸೆ ಕೊಡಲಿಲ್ಲ. “ಪೊರಿ ಭಾಳ ಗಟ್ಟಿ ಆಗೇತ್ರಿ ಯಜಮಾನ್ರ. ಎಷ್ಟು ಕಾಣ್ತೈತಿ ಅಂತ ಒಂದ್ ತಿಂಗಳ ಬಿಟ್ಟು ಹೇಳ್ತೀನಿ,” ಅಂದರು. ಆ ರಾತ್ರಿ ಪಟ್ಟಿ ಕಟ್ಟಿದ್ದರು. ನನಗೆ ಇರುವುದು ಅದೊಂದೇ ಎಂದು ಪಟ್ಟಿಗೇನು ಗೊತ್ತು? ಪೂರ್ತಿ ಕತ್ತಲೆ ಹೇಗಿರುತ್ತದೆಂದು ಅವತ್ತು ನೋಡಿಬಿಟ್ಟೆ ಮಗಳೇ.

ಮರುದಿನ ಪಟ್ಟಿ ಬಿಚ್ಚಿದರು. ಸಂಜೆ ಅಂಗಳದಲ್ಲಿ ಕಪ್ಪು ಕನ್ನಡಕ ಹಾಕಿ ಮೇಲೆ ನೋಡಿದೆ. ಷಷ್ಠಿಯ ಚಂದ್ರ, ಮಸುಕು ಮಸುಕು, ಆದರೆ ಒಂದೇ ಒಂದು! ಅಲ್ಲೇ ನಿರ್ಧಾರ ಮಾಡಿದೆ. ಡಾಕ್ಟರ ಗೋಡೆಯ ಅಕ್ಷರಗಳು ಅವರಿಗಿರಲಿ, ನನ್ನ ಪರೀಕ್ಷೆ ಆಕಾಶದಲ್ಲಿ. ಹುಣ್ಣಿಮೆ ದೊಡ್ಡ ಅಕ್ಷರ. ಯುಗಾದಿ ಪಾಡ್ಯದ ಚಂದ್ರ ಎಲ್ಲಕ್ಕಿಂತ ಸಣ್ಣ ಅಕ್ಷರ. ಅದನ್ನು ಓದಿದರೆ ಪಾಸು, ನಿನಗೆ ಪತ್ರ. ಓದದಿದ್ದರೆ ಪತ್ರವೂ ಇಲ್ಲ.

ಹೋಳಿ ಹುಣ್ಣಿಮೆಯಂದು ಇತ್ತ ಹೊತ್ತು ಮುಳುಗುತ್ತಿದ್ದಂತೆ ಅತ್ತ ಚಂದ್ರ ಎದ್ದ. ಮೈಮೇಲಿನ ಕಲೆಯೂ ಕಂಡಿತು. ಹಿಗ್ಗಿಹೋದೆ. ನಾಲ್ಕು ದಿನದ ಮೇಲೆ ಅದೇ ಹೊತ್ತಿಗೆ ನೋಡುತ್ತೇನೆ, ಬರೀ ಕತ್ತಲೆ! ಕಣ್ಣು ಹೋಯಿತೆಂದೇ ತಿಳಿದು ಗೋಡೆ ಹಿಡಿದು ನೂರಸಾಬನ ಮನೆಗೆ ಓಡಿದೆ. ಅವರು ಆಗಷ್ಟೇ ಖರ್ಜೂರ ಬಾಯಿಗಿಟ್ಟು ರೋಜಾ ಬಿಟ್ಟಿದ್ದರು. ಅವನ ಹೆಂಡತಿ ಇಮಾಮಬಾನು, “ಅಯ್ಯ ಅಣ್ಣಾರ, ಹುಣ್ಣಿಮಿ ಆಗಿ ನಾಕ್ ದಿನಾ ಆತು. ಈಗ ಚಂದ್ರ ಬೇಕಂದ್ರ ಎಲ್ಲಿಂದ ತರೂಣು? ಉಂಡು ಕುಂದರ್ರಿ, ಹತ್ತಕ್ಕ ಬರ್ತಾನ,” ಅಂದಳು. ಹತ್ತಕ್ಕೆ ಬಂದ! ದಿನಕ್ಕೆ ಮುಕ್ಕಾಲು ಗಂಟೆ, ಒಂದು ಗಂಟೆ ತಡವಾಗಿ ಏಳುತ್ತಾನೆಂದು ನನಗೆ ಗೊತ್ತಿಲ್ಲವೇ? ಅದೇ ಬೆಳಕಿನಲ್ಲಿ ಕಾಲುವೆ ದಂಡೆ ಸವೆಸಿದವನು ನಾನು. ಹೆದರಿದವನಿಗೆ ಕಲಿತದ್ದು ನೆನಪಿಗೆ ಬರುವುದಿಲ್ಲ.

ಆಮೇಲೆ ಅವನು ಸವೆಯತೊಡಗಿದ. ಇದಕ್ಕೆ ಕಾಲೇಜಿನಲ್ಲಿ ಎರಡು ಪದ ಕಲಿಸಿದ್ದರು: ವ್ಯಾಕ್ಸಿಂಗ್, ವೇನಿಂಗ್. ಯಾವುದು ಬೆಳೆಯುವುದು, ಯಾವುದು ಸವೆಯುವುದು ಮರೆತಿದ್ದೇನೆ, ಪರೀಕ್ಷೆಯಲ್ಲೂ ಮರೆತಿದ್ದೆ. ಹಗಲು ಎಂಟಕ್ಕೆ ಪಡುವಣದಲ್ಲಿ ಹಪ್ಪಳದ ಚೂರಿನಂತೆ ಕಂಡ. ಇಪ್ಪತ್ತೇಳರ ನಸುಕಿಗೆ, ಸೂರ್ಯನಿಗಿಂತ ತುಸು ಮುಂಚೆ, ಕುಡುಗೋಲಿನಂತೆ ಎದ್ದ. ಅಮಾವಾಸ್ಯೆಗೆ ಇಲ್ಲವಾದ. ಅವತ್ತು ಹೆದರಲಿಲ್ಲ, ಆದರೆ ನಿದ್ದೆಯೂ ಬರಲಿಲ್ಲ.

ನಿನ್ನೆ ಯುಗಾದಿ. ಹಬ್ಬಕ್ಕೆ ನಮಗೂ ಚಂದ್ರ ಬೇಕು, ರೋಜಾ ಮುಗಿಸಲು ಅವರಿಗೂ ಬೇಕು. ಬೇವು ಬೆಲ್ಲದ ಬಟ್ಟಲು ಹಿಡಿದು ನೂರಸಾಬನ ಮಾಳಿಗೆ ಹತ್ತಿದೆ. ಓಣಿಗೆ ಓಣಿಯೇ ಮಾಳಿಗೆಗಳ ಮೇಲಿತ್ತು. ಪಡುವಣದಲ್ಲಿ ಧೂಳು, ಕೆಂಪು. ಅವನ ಮೊಮ್ಮಗಳು ಮುಸ್ಕಾನ ಮೊಬೈಲ್ ಕ್ಯಾಮರಾ ಹಿಗ್ಗಿಸಿ ಹಿಗ್ಗಿಸಿ ನೋಡಿದರೂ ಸಿಗಲೊಲ್ಲದು. ನೂರಸಾಬ ಅಂಗೈ ಅಡ್ಡ ಹಿಡಿದು ಬೆವರಿದ. ನಾನು ಕನ್ನಡಕ ತೆಗೆದೆ. ಜಾಲಿ ಗಿಡದ ತುದಿಯಿಂದ ಎರಡು ಗೇಣು ಮೇಲೆ ಒಂದು ಗೀರು. ಕಣ್ಣು ಮುಚ್ಚಿ ತೆರೆದೆ. ಗೀರು ಅಲ್ಲೇ ಇತ್ತು, ಉಗುರು ಕತ್ತರಿಸಿ ಒಗೆದಷ್ಟು!

“ನೂರಸಾಬ, ಜಾಲಿ ಗಿಡದ ಮ್ಯಾಲ ನೋಡಲೇ!”

“ಏ, ಇವ ಟವರಿಗೆ ಸಲಾಂ ಹೊಡಿಯಾವ. ನಂಬಬ್ಯಾಡ್ರಿ!”

ಅಷ್ಟರಲ್ಲಿ ಮುಸ್ಕಾನ ಕುಣಿದಳು. “ದಾದಾ, ದ್ಯಾಮಣ್ಣಜ್ಜ ಹೇಳಿದ್ದು ಖರೇ! ಅಲ್ಲೇ ಅದಾನ!”

ಮಾಳಿಗೆಯಿಂದ ಮಾಳಿಗೆಗೆ ಕೂಗು ಹಾರಿತು. “ಚಾಂದ್ ಮುಬಾರಕ್!” ನೂರಸಾಬ ಮಸೀದಿಗೆ ಫೋನು ಹಚ್ಚಿ, “ನಾವು ನಾಕ್ ಮಂದಿ ಕಣ್ಣಾರೆ ನೋಡೇವ್ರಿ. ಮೊದಲು ನೋಡಿದಾವ ನಮ್ಮ ದ್ಯಾಮಣ್ಣ. ಹೌದ್ರಿ, ಒಕ್ಕಣ್ಣಿನ ದ್ಯಾಮಣ್ಣನೇ! ಎರಡ್ ಕಣ್ಣಿನಾವ್ರು ಇನ್ನೂ ಹುಡುಕ್ಲಿಕ್ಕತ್ತಾರ!” ಎಂದು ಇಡೀ ಓಣಿಗೆ ಕೇಳುವಂತೆ ಒದರಿದ. ಬೇವು ಬೆಲ್ಲ ಎಲ್ಲರ ಅಂಗೈಗೂ ಹೋಯಿತು. ಫಸ್ಟ್ ಕ್ಲಾಸ್, ಅನ್ನಪೂರ್ಣ! ಜೀವನದಲ್ಲಿ ಮೊದಲ ಸಲ ನಾನು ಫಸ್ಟ್ ಕ್ಲಾಸ್! ಇವತ್ತು ರಂಜಾನ್ ಹಬ್ಬಕ್ಕೆ ಅವರ ಮನೆಯ ಶಾವಿಗೆ ಸುರಕುಂಬಾ ಎರಡು ಬಟ್ಟಲು ಕುಡಿದು ಈ ಪತ್ರಕ್ಕೆ ಕೂತಿದ್ದೇನೆ.

ಇನ್ನು ನೀನು ಬೈಯಬಹುದು.

ಯುವರ್ಸ್ ಒಬೀಡಿಯೆಂಟ್ಲಿ (ಇದು ಸಾಹೇಬರಿಗೆ ಬರೆಯುವುದೋ, ಮಗಳಿಗೋ ಗೊತ್ತಿಲ್ಲ),
ನಿನ್ನ ಅಪ್ಪ,
ದ್ಯಾಮಣ್ಣ, ಬಿ.ಎ. ಎರಡನೇ ವರ್ಷದ ತನಕ

ತಾ.ಕ.: ಇನ್ನೊಂದು. ಎರಡು ವರ್ಷದಿಂದ ನಿನಗೆ ಬಂದ ನನ್ನ ಪತ್ರಗಳನ್ನು ಬರೆದವಳು ಮುಸ್ಕಾನ. ನಿನ್ನವನ್ನು ಓದಿ ಹೇಳಿದವಳೂ ಅವಳೇ. ಇವತ್ತು ಎಲ್ಲ ತೆಗೆದು ನಾನೇ ಓದಿದೆ. ದೀಪಾವಳಿಯ ಪತ್ರದಲ್ಲಿ ಅವಳು ಒಂದು ಸಾಲು ಬಿಟ್ಟಿದ್ದಳು, ಒಳ್ಳೆಯ ಹುಡುಗಿ. “ಅವ್ವ ಹೋದ ಮೇಲೆ ನೀನು ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟೆ ಅಪ್ಪ” ಎಂದು ಬರೆದಿದ್ದೀ. ನೋಡಲಿಲ್ಲವೆಂದಲ್ಲ ಮಗಳೇ, ಕಾಣುತ್ತಿರಲಿಲ್ಲ. ಗುರುವಾರ ಡಾಕ್ಟರಿಗೆ ತೋರಿಸಿ, ಅಲ್ಲಿಂದಲೇ ಹುಬ್ಬಳ್ಳಿಗೆ ಬರುತ್ತೇನೆ. ಬಸ್ಸಿನ ಬೋರ್ಡನ್ನು ನಾನೇ ಓದಿ ಹತ್ತುತ್ತೇನೆ.