ಬೀರುವಿನ ಮೇಲಿನ ಬುಟ್ಟಿ

ಕೈಕೆಲಸಕ್ಕೆ ದೃಢೀಕರಣದ ಮುದ್ರೆ ಒತ್ತುವ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ಕೈಯಿಂದ ಹೆಣೆದ ಬುಟ್ಟಿಗಳನ್ನು ಒಂದರಂತೆ ಒಂದಿಲ್ಲವೆಂದು ತಾವು ತಿರಸ್ಕರಿಸಿದಿರಿ. ಒಂದರಂತೆ ಒಂದು ಮಾಡಿ ತಂದಾಗ, ಕೈಯಿಂದ ಹೆಣೆದಂತೆ ಕಾಣುವುದಿಲ್ಲವೆಂದು ತಿರಸ್ಕರಿಸಿದಿರಿ. ಎರಡೂ ಆದೇಶಗಳ ಕೆಳಗೆ ತಮ್ಮದೇ ಸಹಿ. ಸಹಿಯಲ್ಲಿ ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಭಿನಂದನೆಗಳು.

ಹಳ್ಳಿಗಳ ಕುಶಲಕರ್ಮಿಗಳಿಗೂ ಸಣ್ಣಪುಟ್ಟ ಅಂಗಡಿಯವರಿಗೂ ನೆರವಾಗಲೆಂದು ನಾವು ಕೆಲವರು ಸೇರಿ ನಡೆಸುವ ಸಂಘ ನಮ್ಮದು. ಹಿಟ್ಟಿನ ಗಿರಣಿಯ ಹಿಂದೊಂದು ಕೋಣೆ, ಒಂದು ಮೇಜು, ಕಾಲು ಅಲುಗಾಡುವ ಎರಡು ಬೆಂಚು. ಅರ್ಜಿ ಬರೆದುಕೊಡುತ್ತೇವೆ, ಪಟ್ಟಣದ ಅಂಗಡಿಗಳಿಗೆ ಸರಕು ತಲುಪಿಸುತ್ತೇವೆ. ತಮ್ಮ ಮುದ್ರೆಯಿಲ್ಲದ ಸರಕನ್ನು ಆ ಅಂಗಡಿಗಳು ಈಗ ಮುಟ್ಟುವುದಿಲ್ಲ. ಹಾಗಾಗಿ ಬುಟ್ಟಿ ಹೆಣೆಯುವ ನಮ್ಮ ಅಕ್ಕನನ್ನು ತಮ್ಮ ಬಾಗಿಲಿಗೆ ಕರೆತಂದವನು ನಾನೇ.

ಅಕ್ಕನ ಬಳಿ ಅಳತೆಪಟ್ಟಿ ಇರಲಿಲ್ಲ. ತಳಕ್ಕೆ ಎರಡು ಗೇಣು, ಎತ್ತರಕ್ಕೆ ಮೊಣಕೈಯಿಂದ ಮಣಿಕಟ್ಟಿನವರೆಗೆ. ಬಾಯಿಯ ಸುತ್ತು ಬಂದಾಗ ಬುಟ್ಟಿಯನ್ನು ಮಂಡಿಗೆ ಒತ್ತಿ ನೋಡಿ, ಬಿದಿರು ಬಾಗುವಷ್ಟಕ್ಕೇ ನಿಲ್ಲಿಸುತ್ತಿದ್ದರು. ತಮ್ಮ ಪರೀಕ್ಷಕರು ಮಾದರಿಗೆಂದು ಒಂದು ಬುಟ್ಟಿ ಇಟ್ಟುಕೊಂಡು, ಉಳಿದ ಹತ್ತು ಅದಕ್ಕಿಂತ ಬೆರಳಗಲ ಹೆಚ್ಚುಕಡಿಮೆ ಎಂದರು. "ಬಿದಿರು ಒಂದೇ ಥರ ಬೆಳೆಯಲ್ಲ ಸ್ವಾಮಿ, ಅದಕ್ಕೆ ನಾನೇನ್ ಮಾಡ್ಲಿ?" ಎಂದರು ಅಕ್ಕ. ಬಿದಿರಿಗೆ ನೋಟಿಸ್ ಕಳಿಸಲು ಬರುವುದಿಲ್ಲವಾದ್ದರಿಂದ ಅಕ್ಕನಿಗೆ ಕಳಿಸಿದಿರಿ. ಮರಳಿ ಬಂದ ಆ ಹತ್ತನ್ನೂ ಅಕ್ಕ ಅವಮಾನ ತಾಳದೆ ಒಲೆಗೆ ಹಾಕಿದರು.

ಇನ್ನು ನನ್ನ ಜಾಣತನ ಕೇಳಿ. ಬಡಗಿಯಿಂದ ಮಾದರಿಯ ಅಳತೆಗೆ ಸರಿಯಾಗಿ ಒಂದು ಮರದ ಅಚ್ಚು ಮಾಡಿಸಿಕೊಟ್ಟೆ. ಅಕ್ಕ ಅದನ್ನು ತಿರುವಿ ತಿರುವಿ ನೋಡಿದರು.

"ಇದ್ರ ಮೇಲೆ ಹೆಣೆದ್ರೆ ನನ್ ಕೈಗೇನ್ ಕೆಲ್ಸ ತಮ್ಮಾ?"

"ಒಂದೇ ಒಂದ್ಸಲ ಅಕ್ಕ. ಮುದ್ರೆ ಬೀಳೋವರೆಗೆ."

ಆ ಒಂದು ಸಲ ಹದಿನಾಲ್ಕು ತಿಂಗಳಾಯಿತು. ಒಮ್ಮೆ ಪರೀಕ್ಷಕರು ರಜೆಯಲ್ಲಿ, ಒಮ್ಮೆ ಕೊಟ್ಟ ಬುಟ್ಟಿಗಳೇ ನಾಪತ್ತೆ. ಪ್ರತಿ ಸಲವೂ ಹೊಸದಾಗಿ ಹತ್ತು ತನ್ನಿ ಎಂದಿರಿ. ಅಕ್ಕ ಅಚ್ಚಿನ ಮೇಲೆ ಹೆಣೆಯುತ್ತಲೇ ಹೋದರು. ಕೊನೆಗೆ ಬಂದದ್ದು ತಮ್ಮ ಎರಡನೆಯ ಆದೇಶ.

ಕಳೆದ ವಾರ ಅಚ್ಚನ್ನು ಮೂಲೆಗೆಸೆದು ಅಕ್ಕ ಅಂಗಳದಲ್ಲಿ ಹಳೆಯ ಹಾಗೆ ಹೆಣೆಯಲು ಕೂತರು. ಬಾಯಿಯ ಸುತ್ತಿಗೆ ಬಂದಾಗ ಕೈ ನಿಂತಿತು. ಬಿಚ್ಚಿ ಮತ್ತೆ ಹೆಣೆದರು, ಮೂರು ಸಲ. ಮೂರು ಸಲವೂ ಬುಟ್ಟಿ ಒಂದು ಕಡೆ ವಾಲಿತು. "ಎಲ್ಲಿ ನಿಲ್ಸಬೇಕು ಅಂತ ಕೈಗೆ ಗೊತ್ತಾಗ್ತಿಲ್ಲ ತಮ್ಮಾ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಲವತ್ತು ವರ್ಷದ ಕೈಯನ್ನು ನೆರವಿನ ಹೆಸರಿನಲ್ಲಿ ಕೆಡಿಸಿದೆನಲ್ಲ ಎಂಬ ನಾಚಿಕೆಯನ್ನು ನಾನು ಯಾವ ಅರ್ಜಿಯಲ್ಲಿ ತುಂಬಲಿ?

ಆದ್ದರಿಂದ ಮುದ್ರೆ ಬೇಡ; ಒತ್ತಿಸಿಕೊಳ್ಳಲು ಬುಟ್ಟಿಯೇ ಇಲ್ಲ. ಮಾದರಿಗೆಂದು ಇಟ್ಟುಕೊಂಡ ಆ ಮೊದಲ ಬುಟ್ಟಿಯನ್ನು ಮರಳಿಸಿ. ಅದು ತಮ್ಮ ಕೋಣೆಯ ಬೀರುವಿನ ಮೇಲಿದೆ. ಕಳೆದ ಸಲ ನೋಡಿದಾಗ ಅದರ ತುಂಬ ಹರಿದ ಲಕೋಟೆಗಳಿದ್ದವು. ಅದನ್ನು ಮಂಡಿಗೆ ಒತ್ತಿಕೊಂಡರೆ ಕೈಗೆ ನೆನಪಾದೀತೆಂಬ ನಂಬಿಕೆ ನನಗಿಲ್ಲ, ಅಕ್ಕನಿಗೂ ಇಲ್ಲ. ಆದರೂ ಕೊಡಿ. ಈ ಪತ್ರದ ಲಕೋಟೆಯೂ ಅದರೊಳಗೇ ಬೀಳುತ್ತದೆಂದು ಗೊತ್ತಿದ್ದೇ ಬರೆದಿದ್ದೇನೆ.

ಇಂತಿ,
ಅಚ್ಚು ಮಾಡಿಸಿಕೊಟ್ಟ ಜಾಣ