ತಿರುಗುವ ಯಂತ್ರದ ಮುಂದೆ ಕೂತವರು

ಅಪ್ಪಾ, ನಿಮಗೂ ನಿಮ್ಮ ಚರ್ಚಿನ ಗಂಟೆಗೂ ನಮಸ್ಕಾರ.

ಇಲ್ಲಿ ಗಗನಯಾತ್ರಿಗಳ ತರಬೇತಿ ಕೇಂದ್ರದಲ್ಲಿ, ಮೈ ಸೀಸದಷ್ಟು ಭಾರವಾದಾಗ ಪ್ರಾರ್ಥನೆಯಿಂದ ಎದೆಬಡಿತ ತಗ್ಗುತ್ತದೆಯೇ ಎಂದು ಸಂಶೋಧನೆ ನಡೆದಿದೆ. ನಿನ್ನೆ ಹಾಗೆ ಭಾರ ಬರಿಸುವ ದೊಡ್ಡ ತಿರುಗುವ ಯಂತ್ರದೊಳಗೆ ಕೂತವಳು ನಾನೇ. ಗುಂಡಿ ಒತ್ತಿದರೂ ಅದು ಅಲುಗಲಿಲ್ಲ. ಭೌತಶಾಸ್ತ್ರದ ಪ್ರೊಫೆಸರ್ ವೆನ್ಯಾಮಿನ್ ಹೊರಗೆ ಕಂಪ್ಯೂಟರ್ ಮುಂದಿದ್ದ ಹುಡುಗಿಯ ಮೇಲೆ ಗುಡುಗಿದ್ದು ನನ್ನ ಇಯರ್‌ಫೋನಿನಲ್ಲಿ ಕೇಳಿಸಿತು: "ಏನಾಯ್ತೇ ಗ್ಲಫೀರಾ, ನಿನ್ನ ಪ್ರೋಗ್ರಾಮಿಗೆ?"

"ಏನೂ ಆಗಿಲ್ಲ ಸಾರ್. ನಮ್ಮ ಕಡೆ ಪದ್ಧತಿ ಪ್ರಕಾರ ಪ್ರಯಾಣಕ್ಕೆ ಮುಂಚೆ ಎಲ್ರೂ ಒಂದು ನಿಮಿಷ ಸುಮ್ನೆ ಕೂರ್ಬೇಕಲ್ಲ, ಅಲ್ಲೀವರೆಗೂ ಕಾಯೋ ಹಾಗೆ ನಾನೇ ಬರೆದಿದೀನಿ."

"ಇದ್ದಲ್ಲೇ ಗಿರಗಿರ ಸುತ್ತೋ ಯಂತ್ರ ಕಣೇ ಇದು! ಎಲ್ಲಿಗೆ ಪ್ರಯಾಣ?"

"ಅದನ್ನ ಒಳಗಿರೋಳ್ನ ಕೇಳಿ. ನೀವು ಮೊದ್ಲು ಕೂತ್ಕೊಳ್ಳಿ."

ಅವರು ಬೈಯುತ್ತಲೇ ಕುರ್ಚಿ ಎಳೆದುಕೊಂಡರು. ಆಮೇಲೆ ಎಲ್ಲರೂ ಸುಮ್ಮನಾದರು. ನನ್ನ ಎದೆಬಡಿತ ತಗ್ಗಿದ್ದು ಆಗಲೇ. ಪ್ರಾರ್ಥನೆಯನ್ನು ಇನ್ನೂ ಶುರುವೇ ಮಾಡಿರಲಿಲ್ಲ. ಲೆಕ್ಕವೆಲ್ಲ ಕೆಟ್ಟಿತೆಂದು ಪ್ರೊಫೆಸರಿಗೆ ಇನ್ನೂ ಸಿಟ್ಟು.

ಆಮೇಲೆ ಯಂತ್ರ ಸುತ್ತಿದ ರಭಸಕ್ಕೆ ಬೆನ್ನ ಮೇಲೆ ಸಣ್ಣ ಕೆಂಪು ಚುಕ್ಕೆಗಳೆದ್ದಿವೆ, ನೋವಿಲ್ಲ. ಅಮ್ಮನಿಗೆ ಹೇಳಬೇಡಿ.

ಈ ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ನಾನು ಮನೆ ಬಿಟ್ಟ ದಿನ ಜಗಳದ ಭರದಲ್ಲಿ ನಾವಿಬ್ಬರೂ ಹಾಗೆ ಒಂದು ನಿಮಿಷ ಕೂರಲೇ ಇಲ್ಲ. ಈಸ್ಟರಿಗೆ ಬರುತ್ತೇನೆ. ವಾಪಸು ಹೊರಡುವಾಗ ಬಾಗಿಲ ಹತ್ತಿರ ಎರಡು ಕುರ್ಚಿ ಹಾಕಿಡಿ.

ನಿಮ್ಮ ಅಗ್ನಿಯಾ